ಆರು ಬಿಯರು, ಹತ್ತು ಮಾರ್ಕು

ಬಾರಿನ ಮ್ಯಾನೇಜರನಿಗೆ ಇಂಥವು ಆಗುತ್ತಲೇ ಇರುತ್ತವೆ. ಇವತ್ತು ಏನೂ ಆಗಲಿಕ್ಕಿಲ್ಲ ಎಂದು ಕುರ್ಚಿಗೆ ಒರಗಿದ ದಿನ ಎರಡೆರಡು ಆಗುತ್ತವೆ. ಹದಿನೈದು ವರ್ಷ ಮುಂಬೈಯಲ್ಲಿ, ಹನ್ನೊಂದು ವರ್ಷ ಈ ಕುಂದಾಪುರದಲ್ಲಿ, ಕುಡಿದವರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ದಿನಾ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆಯುತ್ತ ಇನ್ನು ನಾಲ್ಕು ವರ್ಷ ಹೇಗಾದರೂ ನೂಕಿದರೆ ಸಾಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಅಷ್ಟರಲ್ಲಿ ನಮ್ಮ ಧಣಿಗಳ ತಮ್ಮ ಬೆಲ್ಜಿಯಮ್ಮಿನಿಂದ ಬಂದರು.

ಅವರನ್ನು ನಾವು ಸಣ್ಣ ಧಣಿ ಎನ್ನುತ್ತೇವೆ. ಎಂಟು ವರ್ಷ ಅಲ್ಲಿದ್ದರು. ಮೊದಲು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದರು, ಆಮೇಲೆ ಯಾವುದೋ ಹಳ್ಳಿಯ ಮುದುಕನೊಬ್ಬನ ಬಳಿ ಬಿಯರು ಮಾಡುವುದನ್ನು ಕಲಿತರು. ಊರಿಗೆ ಬಂದವರು ಲೈಸೆನ್ಸು ಮಾಡಿಸಿ, ನಮ್ಮ ಹೋಟೆಲಿನ ಮಹಡಿಗೆ ಸ್ಟೀಲಿನ ಟ್ಯಾಂಕುಗಳನ್ನು ಏರಿಸಿ, ಬೆಲ್ಜಿಯಂ ಕ್ರಮದಲ್ಲಿ ಆರು ಬಗೆಯ ಬಿಯರು ತಯಾರಿಸಿದರು. ಗೋಧಿಯದ್ದೊಂದು, ಕಪ್ಪಿನದ್ದೊಂದು, ಹುಳಿಯದ್ದೊಂದು, ಹೀಗೆ.

ದೊಡ್ಡ ಧಣಿ ಎಲ್ಲವನ್ನೂ ನೋಡಿ ಒಂದೇ ಮಾತು ಹೇಳಿದರು. "ಆರ್ ಬ್ಯಾಡ ಮಾರಾಯಾ. ಊರವ್ರಿಗೆ ನಿಜವಾಗಿ ಹಿಡ್ಸೂದ್ ಎರಡ್ ಸಾಕ್. ಅದ್ ಯಾವ್ದ್ ಅಂತ ದೀಪಾವಳಿ ಒಳಗೆ ಹೇಳ್. ಆಯ್ಲಿಲ್ಯಾ, ಟ್ಯಾಂಕ್ ಕೆಳಗಿಳ್ಸ್. ಮೇಲೆ ನಿಶ್ಚಿತಾರ್ಥಕ್ಕೆ ಒಂದ್ ಎಸಿ ಹಾಲ್ ಮಾಡ್ವ."

ಸಣ್ಣ ಧಣಿಯ ಮುಖ ಸಣ್ಣದಾಯಿತು. ಎಂಟು ವರ್ಷ ಚಳಿಯಲ್ಲಿ ಕಲಿತ ಕೆಲಸ, ಹೋದರೆ ಹೋಯಿತು. ಅವರು ಒಂದು ಉಪಾಯ ಹೂಡಿದರು. ದಿನಾ ಮಧ್ಯಾಹ್ನ ಮೂರರಿಂದ ಐದು, ಊರಿನ ನಾಲ್ಕಾರು ಜನರನ್ನು ಕರೆದು ಆರೂ ಬಿಯರನ್ನು ಸಣ್ಣ ಸಣ್ಣ ಗ್ಲಾಸಿನಲ್ಲಿ ಕೊಡುವುದು, ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ಮಾರ್ಕು ಹಾಕಿಸುವುದು. ಮಾರ್ಕು ಬರೆದುಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು. ನನಗೆ ಸಕ್ಕರೆ ಕಾಯಿಲೆ, ಒಂದು ಹನಿ ಮುಟ್ಟುವಂತಿಲ್ಲ. ಅದಕ್ಕೇ ನಾನು ಪಕ್ಷಪಾತ ಮಾಡಲಿಕ್ಕಿಲ್ಲ ಎಂದು ಅವರ ನಂಬಿಕೆ. ನನ್ನ ಮಧ್ಯಾಹ್ನದ ನಿದ್ದೆಯ ಬಗ್ಗೆ ಯಾರೂ ಕೇಳಲಿಲ್ಲ.

ನೆಂಟಸ್ತನ

ಮೊದಲ ವಾರ ಬಂದ ಇಪ್ಪತ್ತು ಜನರೂ ಆರಕ್ಕೆ ಆರೂ ಬಿಯರಿಗೆ ಹತ್ತಕ್ಕೆ ಹತ್ತು ಕೊಟ್ಟರು. ಕಾರಣ ಸರಳ. ಸಣ್ಣ ಧಣಿ ಎದುರಿಗೇ ಕೈಕಟ್ಟಿ ನಿಂತು "ಹ್ಯಾಂಗಿತ್ತ್?" ಅಂತ ಕೇಳುತ್ತಿದ್ದರು. ನಮ್ಮ ಕಡೆ ಊಟಕ್ಕೆ ಕರೆದವರು ಪಂಕ್ತಿಯಲ್ಲಿ ಬಂದು ಹೇಗಿದೆ ಅಂತ ಕೇಳಿದರೆ, ಸಾರಿಗೆ ಉಪ್ಪೇ ಬಿದ್ದಿರದಿದ್ದರೂ ಬಾಯ್ತುಂಬ ಹೊಗಳಿ, ಮನೆಗೆ ಹೋದ ಮೇಲೆ ನಿಜ ಹೇಳುವುದು ಕ್ರಮ. ಮರ್ಯಾದಸ್ಥರು ಹಾಗೆಯೇ ಮಾಡುತ್ತಾರೆ.

ವಯರಿಂಗಿನವರೊಬ್ಬರಂತೂ ಗ್ಲಾಸು ಕೈಗೆ ಬರುವ ಮೊದಲೇ "ಹತ್ತ್ ಬರ್ಕಣಿ" ಎಂದರು. "ಕುಡಿದು ಹೇಳಿ" ಎಂದೆ. "ಕುಡ್ದ್ ಮೇಲೆ ಮನ್ಸ್ ಬದ್ಲಾದ್ರೆ ಎಂತ ಮಾಡೂದ್? ಈಗ್ಲೇ ಬರ್ಕಣಿ" ಎಂದರು. ಅದೂ ನ್ಯಾಯವೇ.

ಶನಿವಾರ ಧಣಿಗಳ ದೂರದ ಭಾವನೊಬ್ಬರು ಬಂದರು. ಆರೂ ಗ್ಲಾಸು ಮುಗಿಸಿ, ನನ್ನ ಪುಸ್ತಕ ಎಳೆದುಕೊಂಡು, ಹಿಂದಿನವರ ಮಾರ್ಕುಗಳನ್ನೆಲ್ಲ ಬೆರಳಿಟ್ಟು ಓದಿದರು. ಮುಖ ಗಂಟಾಯಿತು. ಪೆನ್ನು ತೆಗೆದುಕೊಂಡು ಆರರ ಎದುರಿಗೂ ಹನ್ನೆರಡು ಹನ್ನೆರಡು ಅಂತ ಬರೆದರು.

"ಹತ್ತೇ ಇರುವುದು" ಎಂದೆ.

"ಹತ್ತ್ ಊರವ್ರೆಲ್ಲ ಕೊಟ್ರ್ ಅಲ್ದಾ? ನಾವ್ ಸಂಬಂಧದವ್ರ್ ಮಾರಾಯ್ರೆ. ನಾಳೆ ಜನ ಆಡ್ಕಂಬುಕಾಗ."

ಸುಕ್ಕದ ಮಹಿಮೆ

ದೊಡ್ಡ ಧಣಿ ಪುಸ್ತಕ ನೋಡಿ, ಎಲ್ಲರಿಗೂ ಫಸ್ಟ್ ರ‍್ಯಾಂಕು ಕೊಟ್ಟರೆ ಯಾರಿಗೂ ಕೊಟ್ಟಂತಲ್ಲ ಎಂದರು. ಹೊಸ ಕ್ರಮ ಬಂತು. ಸಣ್ಣ ಧಣಿ ಟ್ಯಾಂಕಿನ ಹಿಂದೆ ಇರಬೇಕು, ಹೊರಗೆ ಮುಖ ತೋರಿಸಬಾರದು. ಕುಡಿದವರು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು.

ಈಗ ಮಾರ್ಕುಗಳು ಏರತೊಡಗಿದವು, ಇಳಿಯತೊಡಗಿದವು. ಸಣ್ಣ ಧಣಿಗೆ ಎಲ್ಲಿಲ್ಲದ ಉತ್ಸಾಹ. ಬುಧವಾರ ಒಂಬತ್ತು, ಗುರುವಾರ ಒಂಬತ್ತು, ಸೋಮವಾರ ಬಂದರೆ ನಾಲ್ಕು. ಅದೇ ಟ್ಯಾಂಕು, ಅದೇ ಬಿಯರು. ಅವರು ರಾಶಿ ಪುಸ್ತಕ ಹರಡಿಕೊಂಡು ಹವೆ, ಒತ್ತಡ, ಯೀಸ್ಟು ಅಂತ ತಲೆ ಕೆರೆದುಕೊಂಡರು. ನಾನು ಒಂದು ಸೋಮವಾರ ಅಡುಗೆಮನೆಗೆ ಇಣುಕಿದೆ, ವಿಷಯ ತಿಳಿಯಿತು. ಸೋಮವಾರ ನಮ್ಮ ದೊಡ್ಡ ಅಡುಗೆಯವನಿಗೆ ರಜೆ. ಆ ದಿನ ಬಿಯರಿನ ಜೊತೆ ನೆಂಚಿಕೊಳ್ಳಲು ಕೊಡುವ ಕೋಳಿ ಸುಕ್ಕ ಮಾಡುವವನು ಬೇರೆ.

ಚೀಟಿಗಳನ್ನು ತೆಗೆದು ನಿಧಾನವಾಗಿ ಓದಿದೆ. 'ಎರಡನೇ ಬಿಯರು: ಖಾರ ಸಮ ಇತ್ತು, ಕಾಯಿ ಇನ್ನೂ ಸ್ವಲ್ಪ ಹುರಿಯಬಹುದಿತ್ತು.' 'ನಾಲ್ಕನೆಯದು: ಎಲುಬು ಜಾಸ್ತಿ.' ಒಬ್ಬರಂತೂ ಕಪ್ಪು ಬಿಯರಿಗೆ ಎಂಟು ಕೊಟ್ಟು, 'ಇದರ ಜೊತೆಗೆ ನೀರುದೋಸೆ ಇದ್ದರೆ ಹತ್ತು' ಅಂತ ಬರೆದಿದ್ದರು.

ಸಣ್ಣ ಧಣಿ ಕೆಂಡವಾದರು. ಮರುದಿನದಿಂದ ಸುಕ್ಕ ಇಲ್ಲ, ಮೀನು ಇಲ್ಲ, ಕಡಲೆಬೀಜ ಕೂಡ ಇಲ್ಲ. ಬಿಯರೊಂದೇ, ಬಾಯಿ ತೊಳೆಯಲು ನೀರು. ಬೆಲ್ಜಿಯಮ್ಮಿನಲ್ಲಿ ಹಾಗೆಯೇ ಅಂತೆ. ಆ ದಿನ ಬಂದವರು ಖಾಲಿ ಮೇಜನ್ನು ನೋಡಿ, ಮುಖ ಮುಖ ನೋಡಿಕೊಂಡು, ಔಷಧಿ ಕುಡಿದ ಹಾಗೆ ಕುಡಿದು ಹೋದರು. ಸಂಜೆ ಡಬ್ಬಿ ತೆರೆದರೆ ಎಲ್ಲದಕ್ಕೂ ಮೂರು. ಒಂದು ಚೀಟಿಯಲ್ಲಿ ಮಾತ್ರ ಕಾರಣ ಬರೆದಿತ್ತು: 'ಮೊದಲಿನಷ್ಟು ಮೆತ್ತಗಿಲ್ಲ.'

ಮೇಷ್ಟ್ರು

ನಿವೃತ್ತ ಹೆಡ್‌ಮಾಸ್ಟರೊಬ್ಬರನ್ನು ಕರೆದದ್ದು ನನ್ನದೇ ಸಲಹೆ. ಮೂವತ್ತನಾಲ್ಕು ವರ್ಷ ಮಾರ್ಕು ಹಾಕಿದವರು, ಮುಖ ನೋಡಿ ಮಣೆ ಹಾಕುವವರಲ್ಲ. ಅವರು ಕೆಂಪು ಪೆನ್ನು ಮನೆಯಿಂದಲೇ ತಂದಿದ್ದರು. ಒಂದೊಂದು ಗುಟುಕಿಗೂ ಕಿಟಕಿ ಆಚೆ ನೋಡಿ ಯೋಚಿಸಿ, ಆರಕ್ಕೂ ಮೂರೂವರೆ ಮೂರೂವರೆ ಹಾಕಿದರು.

ಸಣ್ಣ ಧಣಿ ತಡೆಯಲಾರದೆ ಟ್ಯಾಂಕಿನ ಹಿಂದಿನಿಂದ ಬಂದೇಬಿಟ್ಟರು. ಅವರು ಇದೇ ಮೇಷ್ಟರ ಶಿಷ್ಯ. "ಸರ್, ಒಂದಾರೂ ಹಿಡಿಸ್ಲಿಲ್ಯಾ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ಅವರ ಬೆನ್ನು ತಟ್ಟಿದರು. "ಎಲ್ಲ ಲಾಯ್ಕಿತ್ತ್ ಮಗಾ. ಅದಕ್ಕೇ ಪಾಸ್ ಮಾಡಿದ್ದ್. ನಿನ್ನ ಲೆಕ್ಕದ ಪೇಪರಿಗೂ ನಾನ್ ಇಷ್ಟೇ ಕೊಟ್ಟದ್ದಲ್ದಾ? ಈಗ ಕಾಣ್, ಬೆಲ್ಜಿಯಂವರೆಗೆ ಹೋಯ್ ಬಂದೆ."

ವರ್ಷದ ಹುಳಿ

ಬ್ರಹ್ಮಾವರದ ಕಡೆಯ ಒಬ್ಬ ಹಿರಿಯರು. ಚಿಕ್ಕಂದಿನಿಂದ ತೆಂಗಿನಮರ ಹತ್ತಿ ಕಳ್ಳು ಇಳಿಸಿದವರು, ಈಗ ಮೊಣಕಾಲು ಕೇಳುವುದಿಲ್ಲ ಅಂತ ಬಿಟ್ಟಿದ್ದಾರೆ. ನಾಲಗೆ ಎಂದರೆ ಅವರದ್ದು. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದೇ ಇದು ಮೂರು ದಿನದ್ದು, ಇದು ನೀರು ಬಿದ್ದದ್ದು ಎನ್ನಬಲ್ಲವರು. ಸಣ್ಣ ಧಣಿ ತನ್ನ ಹೆಮ್ಮೆಯ ಹುಳಿ ಬಿಯರನ್ನು ಅವರಿಗಾಗಿಯೇ ತೆಗೆದಿಟ್ಟಿದ್ದರು. ಅದನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಹಾಗೇ ಬಿಟ್ಟು ಹುಳಿ ಬರಿಸುವುದಂತೆ. ಬೆಲ್ಜಿಯಮ್ಮಿನಲ್ಲಿ ಅದಕ್ಕೆ ಭಾರೀ ಮರ್ಯಾದೆ.

ಹಿರಿಯರು ಮೂಸಿದರು. ಒಂದು ಹನಿ ನಾಲಗೆಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಗ್ಲಾಸನ್ನು ಮೆಲ್ಲ ಕೆಳಗಿಟ್ಟು, ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದರು. "ಇದ್ ಯಾವತ್ತಿಂದ್ ಹ್ವಾಯ್?"

ನಾನು ಬಾಯಿ ತೆರೆಯುವ ಮೊದಲು ಸಣ್ಣ ಧಣಿ ಈ ಸಲವೂ ಟ್ಯಾಂಕಿನ ಹಿಂದಿನಿಂದ ಬಂದು ಎದೆಯುಬ್ಬಿಸಿ, "ಹೋದ್ ವರ್ಷದ್ದ್. ಹದಿನಾಲ್ಕ್ ತಿಂಗ್ಳ್ ಆಯ್ತ್" ಎಂದರು.

ಹಿರಿಯರು ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ಕಣ್ಣಲ್ಲಿ ನಿಜವಾದ ಕನಿಕರ. ಚೀಟಿಯಲ್ಲಿ ಎಂಟು ಅಂತ ಬರೆದು ಡಬ್ಬಿಗೆ ಹಾಕಿ, ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡರು.

"ಪಾಪ, ಹದಿನಾಲ್ಕ್ ತಿಂಗ್ಳಿಂದ ಒಬ್ರೂ ತಕಣ್ಲಿಲ್ಯಾ?"

ಊರಿನ ಮಾನ

ಬಿಯರುಗಳಿಗೆ ಒಂದು, ಎರಡು ಅಂತ ನಂಬರು ಹಾಕಿದ್ದರಿಂದ ಜನರಿಗೆ ಮನಸ್ಸು ಹತ್ತುತ್ತಿಲ್ಲ ಎಂದು ಸಣ್ಣ ಧಣಿಗೆ ಹೊಳೆಯಿತು. ನಂಬರು ಅಳಿಸಿ ಊರುಗಳ ಹೆಸರಿಟ್ಟರು. ಬೇಡ ಎಂದು ನಾನು ಹೇಳಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಬೇಡ ಎನ್ನುವಷ್ಟೂ ತ್ರಾಣ ಉಳಿದಿರಲಿಲ್ಲ.

ಎಂಟು ಪರ್ಸೆಂಟ್ ಆಲ್ಕೋಹಾಲಿನ ಕಪ್ಪು ಬಿಯರಿಗೆ ಬೈಂದೂರು ಅಂತಲೂ ನಾಲ್ಕೂವರೆಯ ತೆಳು ಬಿಯರಿಗೆ ಕೆರಾಡಿ ಅಂತಲೂ ಹೆಸರಾಯಿತು. ಬಾಟ್ಲಿಯ ಚೀಟಿಯಲ್ಲಿ ಹೆಸರಿನ ಕೆಳಗೆ ಪರ್ಸೆಂಟೂ ಇತ್ತು. ಎರಡನೆಯ ದಿನವೇ ಕೆರಾಡಿಯ ಪಂಪ್‌ಸೆಟ್ ರಿಪೇರಿಯವರೊಬ್ಬರು ಗ್ಲಾಸು ಕುಕ್ಕಿ ಎದ್ದು ನಿಂತರು.

"ಬೈಂದೂರಿಗೆ ಎಂಟ್, ನಮ್ಗೆ ನಾಲ್ಕೂವರೆಯಾ? ಕೆರಾಡಿಯವ್ರ್ ಅಂದ್ರೆ ಅಷ್ಟ್ ಸಸಾರವಾ ನಿಮ್ಗೆ?"

ಮರುದಿನ ಕೆರಾಡಿಯಿಂದ ಒಂದು ಜೀಪು ಬಂತು. ಡ್ರೈವರ್ ಒಬ್ಬರನ್ನು ಬಿಟ್ಟು ಎಂಟು ಜನ ಕುಡಿಯುವವರು. ಎಂಟೂ ಜನ ಕೆರಾಡಿಗೆ ಹತ್ತು, ಬೈಂದೂರಿಗೆ ಒಂದು. ಸುದ್ದಿ ಬೈಂದೂರಿಗೆ ಹೋಯಿತು. ಅಲ್ಲಿಂದ ಹನ್ನೆರಡು ಜನ ಬಸ್ಸಿನಲ್ಲೇ ಬಂದರು. ಬೈಂದೂರಿಗೆ ಹತ್ತು, ಕೆರಾಡಿಗೆ ಸೊನ್ನೆ. ಮಾರ್ಕಿನ ಕೆಳಗೆ ಗೆರೆ ಬೇರೆ ಎಳೆದಿದ್ದರು.

ಸಣ್ಣ ಧಣಿ ಹಠಕ್ಕೆ ಬಿದ್ದು, ಯಾರಿಗೂ ಹೇಳದೆ ಎರಡೂ ಬಾಟ್ಲಿಯ ಚೀಟಿ ಅದಲುಬದಲು ಮಾಡಿದರು. ಬಣ್ಣವನ್ನು ಯಾರೂ ನೋಡಲಿಲ್ಲ. ಬೈಂದೂರಿನವರು ಮತ್ತೆ ಬಂದು ತೆಳು ಬಿಯರು ಕುಡಿದು, "ಕಾಣಿ, ಹ್ಯಾಂಗೆ ತಲಿಗ್ ಹತ್ತತ್ತ್ ಕಾಣಿ" ಅಂತ ಗೋಡೆ ಹಿಡಿದು ನಡೆದರು. ಕೆರಾಡಿಯವರು ಎಂಟು ಪರ್ಸೆಂಟಿನದ್ದನ್ನು ಎರಡೆರಡು ಗ್ಲಾಸು ಏರಿಸಿ ಹತ್ತು ಹತ್ತು ಹಾಕಿದರು. ಪಂಪ್‌ಸೆಟ್ಟಿನವರು ಹೊರಡುವಾಗ ಎಲ್ಲರಿಗೂ ಕೇಳುವಂತೆ ಭಾಷಣ ಮಾಡಿದರು. "ನಮ್ಮೂರಿಂದ್ ಎಷ್ಟ್ ಕುಡಿನಿ, ಎಂತ ಆತಿಲ್ಲೆ. ಮೈಮೇಲೆ ಎಚ್ಚರ ಇರತ್ತ್!"

ಹಾಗೆಂದು ಕೆಳಗಿಳಿದವರು ತಮ್ಮ ಜೀಪನ್ನು ದಾಟಿ ಹೋಗಿ, ಆಚೆ ನಿಂತಿದ್ದ ಮೀನಿನ ಟೆಂಪೋ ಹತ್ತಿ ಕೂತರು.

ಅಮ್ಮ

ದೀಪಾವಳಿಗೆ ಎರಡೇ ದಿನ. ಎರಡು ತಿಂಗಳ ಮಾರ್ಕುಗಳೆಲ್ಲ ಪುಸ್ತಕದಲ್ಲಿದ್ದವು, ನಂಬುವಂಥದ್ದು ಒಂದೂ ಇರಲಿಲ್ಲ. ಎಸಿ ಹಾಲ್ ಮಾಡುವವರು ಟೇಪು ಹಿಡಿದು ಮಹಡಿಯನ್ನು ಅಳೆದೂ ಹೋಗಿದ್ದರು. ಸಣ್ಣ ಧಣಿ ಅಂದಿನ ಮಟ್ಟಿಗೆ ಆರು ಗ್ಲಾಸು ತುಂಬಿಸಿಟ್ಟು ಕಾದರು, ಕರೆದವರು ಬರಲಿಲ್ಲ. "ಈ ಊರಲ್ಲಿ ನಂಗೆ ನಿಜ ಹೇಳೂಕೆ ಒಬ್ರೂ ಇಲ್ಯಲ್ದಾ?" ಎಂದು ಸ್ಟೂಲಿನ ಮೇಲೆ ಕುಸಿದರು. ನನಗೆ ಕೆಟ್ಟದೆನಿಸಿತು. ಸಮಾಧಾನ ಹೇಳಲು ಹೊರಟರೂ ಬಾಯಿಗೆ ಬಂದದ್ದು ಆಕಳಿಕೆ.

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ದೊಡ್ಡ ಧಣಿ, ಅವರ ಹಿಂದೆ ಮೊಣಕಾಲಿಗೆ ಕೈಕೊಟ್ಟು ಒಂದೊಂದೇ ಮೆಟ್ಟಿಲು ಏರುತ್ತ, ಹಾಲ್ ಆಗುವ ಜಾಗ ನೋಡಲೇಬೇಕೆಂದು ಹಠ ಹಿಡಿದ ಅವರ ತಾಯಿ. ಶಂಕರನಾರಾಯಣದ ಕಡೆಯ ಹೆಂಗಸು, ಎಪ್ಪತ್ತೆಂಟು ದಾಟಿದೆ, ಇಬ್ಬರೂ ಮಕ್ಕಳಿಗೆ ಈಗಲೂ ಅವರೆಂದರೆ ನಡುಕ. ಮಹಡಿಯಲ್ಲಿರುವುದು ಬಾರ್ಲಿ ನೀರಿನ ವ್ಯಾಪಾರ ಎಂದು ಅವರಿಗೆ ಹೇಳಿಟ್ಟಿದ್ದರು. ಉಷ್ಣಕ್ಕೆ ಒಳ್ಳೆಯದು, ಎಲ್ಲ ಕಡೆ ಕಳಿಸುತ್ತೇವೆ, ಅಂತ.

ಅಮ್ಮ ಟ್ಯಾಂಕುಗಳನ್ನು ನೋಡಿದರು, ಗೋಡೆಗೆ ಹಾಕಿದ ಲೈಸೆನ್ಸನ್ನು ನೋಡಿದರು, ಗ್ಲಾಸುಗಳನ್ನು ನೋಡಿದರು. "ಇದ್ ಎಂತದ್?"

"ಬಾರ್ಲಿ ನೀರ್ ಅಮ್ಮ."

"ಬಾರ್ಲಿ ನೀರಿಗೆ ಲೈಸೆನ್ಸ್ ಎಂತಕೆ? ನಾನ್ ನಿನ್ನ ಹೆತ್ತದ್ದಾ, ನೀನ್ ನನ್ನ ಹೆತ್ತದ್ದಾ?"

ಅಮ್ಮ ಕುರ್ಚಿ ಎಳೆದು ಕೂತರು. "ಯಾರಿಗ್ ಹಾಕಿಟ್ಟದ್?"

"ಬಪ್ಪವ್ರ್ ಬರ್ಲಿಲ್ಲೆ."

"ಮತ್ತೆ ಇದನ್ನ ಎಂತ ಮಾಡ್ತೆ?"

"ಚೆಲ್ಲೂದ್."

ಆ ಮಾತು ಆಡಬಾರದಿತ್ತು. ಆ ಮನೆಯಲ್ಲಿ ಎಲೆಗೆ ಬಡಿಸಿದ್ದರಲ್ಲಿ ಒಂದು ಅಗುಳು ಬಿಟ್ಟೇಳುವಂತಿಲ್ಲ. "ಹಾಕಿದ್ದನ್ನ ಚೆಲ್ಲೂದಾ? ಧಾನ್ಯದ್ದಲ್ದಾ ಇದ್?" ಎಂದು ಅಮ್ಮ ಮೂಗು ಹಿಡಿದು ಮೊದಲನೆಯ ಗ್ಲಾಸನ್ನು ಎತ್ತಿ ಬರಿದು ಮಾಡಿದರು. ಇಬ್ಬರು ಮಕ್ಕಳೂ ಕಲ್ಲಾಗಿ ನಿಂತರು.

"ಕೊತ್ತಂಬರಿ ಹಾಕಿದ್ಯಲ್ದಾ?" ಎಂದರು ಅಮ್ಮ.

ಸಣ್ಣ ಧಣಿ ಬೆಚ್ಚಿದರು. ಅದು ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಗೋಧಿ ಬಿಯರು. ಎರಡು ತಿಂಗಳಲ್ಲಿ ಯಾರೂ ಗುರುತಿಸಿರಲಿಲ್ಲ. "ಹೌದ್ ಅಮ್ಮ. ಎಷ್ಟ್ ಕೊಡ್ತ್ರಿ? ಹತ್ತರಲ್ಲಿ?"

"ಸ್ವಲ್ಪ ಹುರ್ದ್ ಹಾಕೂಕಾಯಿತ್ತ್. ಎಂಟ್."

ಎರಡನೆಯದು ಆ ಪೀಪಾಯಿಯ ಹುಳಿ, ಅದಕ್ಕೆ ನಾಲ್ಕು. ಮೂರನೆಯದು ಕಪ್ಪಿನದ್ದು. "ತಳ ಹಿಡ್ದದ್ದನ್ನ ಬಡಿಸೂದಾ? ಎರಡ್." ನಾಲ್ಕನೆಯದಕ್ಕೆ ಮುಖ ಕಿವುಚಿ, ಎದ್ದು ಹೋಗಿ ಆ ಟ್ಯಾಂಕಿಗೆ ಕೈಯಿಟ್ಟು ನೋಡಿದರು. "ಪಡು ಬದಿ ಗ್ವಾಡಿ ಇದ್. ಸಾಯಂಕಾಲದ್ ಬಿಸ್ಲ್ ಬಡೀತ್. ದ್ವಾಸಿ ಹಿಟ್ಟನ್ನೂ ನಾನ್ ಹೀಂಗೆ ಇಡೂದಿಲ್ಲೆ, ಹುಳಿ ಬಾರ್ದೆ ಎಂತ ಆತ್ತ್? ಮೂರ್." ಸಣ್ಣ ಧಣಿ ಬಾಯಿ ತೆರೆದುಕೊಂಡು ಆ ಗೋಡೆಯನ್ನೇ ನೋಡಿದರು. ನಾಲ್ಕನೆಯದು ಯಾಕೆ ಕೆಡುತ್ತದೆ ಎಂದು ಬೆಲ್ಜಿಯಮ್ಮಿನ ಮುದುಕನಿಗೆ ಫೋನು ಮಾಡಿ ಕೇಳಿಯೂ ಅವರಿಗೆ ಗೊತ್ತಾಗಿರಲಿಲ್ಲ.

ಐದನೆಯದು ಒಂಬತ್ತು ಪರ್ಸೆಂಟಿನದ್ದು, ಬಂಗಾರದ ಬಣ್ಣ. ಅಮ್ಮ ಮೂಗು ಹಿಡಿಯುವುದನ್ನು ಮರೆತಿದ್ದರು. ಕುಡಿದು ಗ್ಲಾಸು ಮುಂದೆ ಚಾಚಿದರು. "ಸಮ ಗೊತ್ತಾಯ್ಲಿಲ್ಲೆ. ಇನ್ನೊಂಚೂರ್ ಹಾಕ್ ಕಾಂಬ." ಅದೂ ಆದ ಮೇಲೆ, "ಒಂಬತ್". ಆರನೆಯದು ಇದರ ಎದುರು ಬರೀ ನೀರು, ಅದಕ್ಕೆ ಒಂದು.

ಎರಡು ತಿಂಗಳಲ್ಲಿ ಇಡೀ ತಾಲೂಕಿನಿಂದ ಆಗದ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಒಂದನೆಯದು, ಐದನೆಯದು. ದೊಡ್ಡ ಧಣಿ ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಅಮ್ಮ ಹೇಳಿದ್ ಮೇಲೆ ಆಯ್ತ್. ಎಸಿ ಹಾಲ್ ಬ್ಯಾಡ" ಎಂದರು. ಸಣ್ಣ ಧಣಿ ಕಣ್ಣೊರೆಸಿಕೊಂಡರು. ನಾನು ಪುಸ್ತಕ ಮುಚ್ಚಿದೆ, ನಾಳೆ ಮಧ್ಯಾಹ್ನ ನಿದ್ದೆ ಮಾಡಬಹುದು ಎಂದು ಮನಸ್ಸು ಹಗುರಾಯಿತು.

"ಮುಚ್ಚಬ್ಯಾಡಿ, ಬರೀನಿ" ಎಂದರು ಅಮ್ಮ. ಮುಖ ಕೆಂಪಾಗಿತ್ತು. ಮಾರ್ಕು ಕೊಡುವುದು ಅವರಿಗೆ ರುಚಿ ಹತ್ತಿತ್ತು. ದೊಡ್ಡ ಮಗನ ಕಡೆ ಬೆರಳು ತೋರಿಸಿದರು. "ಇವ್ನಿಗೆ ಐದ್. ತಮ್ಮನಿಗೆ ಗಡು ಹಾಕ್ವ ಅಣ್ಣ ಎಂತ ಅಣ್ಣ?" ಸಣ್ಣವರ ಕಡೆ: "ಇವ್ನಿಗೆ ಆರ್. ಸುಳ್ಳ್ ಹೇಳಿದ್ದಕ್ಕೆ ಎರಡ್ ಕಳೀನಿ." ಆಮೇಲೆ ನನ್ನ ಕಡೆ. "ಮ್ಯಾನೇಜರ್‌ರಿಗೆ ಮೂರ್. ಎಲ್ಲ ಗೊತ್ತಿದ್ದೂ ಬಾಯಿ ಬಿಡ್ತ್ರಿಲ್ಲೆ. ಬರೀನಿ." ನನ್ನ ಮಾರ್ಕನ್ನು ನಾನೇ ಬರೆದುಕೊಂಡೆ.

ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಫೋಟೋದ ಮೇಲೆ ನಿಂತಿತು. ಹೋಟೆಲು ಶುರು ಮಾಡಿದ ಹಿರಿಯ ಧಣಿಗಳು, ಅಮ್ಮನ ಯಜಮಾನರು, ತೀರಿಕೊಂಡು ಆರು ವರ್ಷ. ಗಂಧದ ಮಾಲೆ, ಕೆಳಗೊಂದು ಕೆಂಪು ಬಲ್ಬು. ಇಬ್ಬರು ಮಕ್ಕಳೂ ತಲೆ ತಗ್ಗಿಸಿದರು.

"ಇವ್ರ್ ನಲ್ವತ್ತೆಂಟ್ ವರ್ಷ ನನ್ನ್ ಕೈಯಡುಗೆ ಉಂಡ್ರ್" ಎಂದರು ಅಮ್ಮ, ಸಾವಕಾಶವಾಗಿ. "ಒಂದ್ ದಿನ ಲಾಯ್ಕಿತ್ತ್ ಅಂದದ್ದಿಲ್ಲೆ. ಉಂಡ್ರ್, ಕೈ ತೊಳ್ದ್ರ್, ಹೋದ್ರ್. ಸೊನ್ನೆ. ಬರೀನಿ."

ನನ್ನ ಪೆನ್ನು ಓಡಲಿಲ್ಲ. ಅಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. ಇಬ್ಬರು ದೊಡ್ಡ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರೂ ಹುಟ್ಟಿದಂದಿನಿಂದ ಅದೇ ಅಡುಗೆ ಉಂಡವರು, ಅವರೂ ಒಂದು ಮಾತು ಹೇಳಿದವರಲ್ಲ.

ಮೊದಲು ಎಚ್ಚೆತ್ತವರು ದೊಡ್ಡ ಧಣಿ. ಅಮ್ಮನ ಕಾಲಬುಡದಲ್ಲಿ ಕೂತು, ಅವರ ಕೈ ಹಿಡಿದು ಹೇಳಿದರು. "ಅಮ್ಮ, ಇವತ್ ಮಧ್ಯಾಹ್ನದ ಮೀನ್ ಸಾರ್ ಇತ್ತಲ್ದಾ, ಎಷ್ಟ್ ಲಾಯ್ಕಿತ್ತ್ ಗೊತ್ತಿತ್ತಾ? ಹತ್ತಕ್ಕೆ ಹತ್ತ್."

ಅಮ್ಮ ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದರು.

"ಇವನ್ದ್ ಐದರಲ್ಲಿ ಇನ್ನೊಂದ್ ಕಳೀನಿ. ಇವತ್ ಸಾರ್ ಮಾಡಿದ್ದ್ ಇವ್ನ ಹೆಂಡ್ತಿ."